ನಲವತ್ತು ಪರದೆ, ತಲಾ ಎರಡೂಮುಕ್ಕಾಲು

ನನಗೆ ನಲವತ್ತೊಂಬತ್ತು ತುಂಬಿದ ವರ್ಷ ಐದನೇ ತರಗತಿಯ ಗಣಿತ ಪುಸ್ತಕವೊಂದನ್ನು ತಂದು ಅಡುಗೆಮನೆಯ ಖಾಲಿ ಡಬ್ಬಿಗಳ ಹಿಂದೆ ಬಚ್ಚಿಟ್ಟೆ. ಆ ವಯಸ್ಸಿನ ಹೆಂಗಸರು ಬಚ್ಚಿಡುವ ವಸ್ತುಗಳು ಬೇರೆ ಇರುತ್ತವೆ. ನನ್ನ ಪಾಲಿಗೆ ಬಂದದ್ದು ಇದು.

ಆಗ ನಾನು ಒಂದು ದೊಡ್ಡ ಆಸ್ಪತ್ರೆಯ ಹೊಲಿಗೆ ಕೋಣೆಯಲ್ಲಿ ಬಟ್ಟೆ ಕತ್ತರಿಸುತ್ತಿದ್ದೆ. ಕೋಣೆ ಇದ್ದದ್ದು ನೆಲಮಾಳಿಗೆಯಲ್ಲಿ. ಕಿಟಕಿಗಳು ಮೇಲೆ ಸೂರಿನ ಹತ್ತಿರ, ಹೊರಗಿನ ರಸ್ತೆಯ ಮಟ್ಟಕ್ಕೆ. ಹಾಗಾಗಿ ಇಪ್ಪತ್ತಾರು ವರ್ಷ ನಾನು ಊರಿನ ಜನರ ಕಾಲುಗಳನ್ನು ಮಾತ್ರ ನೋಡಿದ್ದೇನೆ. ನಾಲ್ಕು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಮೇಜು, ಎರಡು ಮಂಚದಷ್ಟು ಉದ್ದದ ಕತ್ತರಿಸುವ ಮೇಜು, ಅದರ ಅಂಚಿಗೆ ಮೊಳೆ ಹೊಡೆದು ಕೂರಿಸಿದ ಕಬ್ಬಿಣದ ಅಳತೆಪಟ್ಟಿ. ಹಾಸಿಗೆ ಹೊದಿಕೆ, ದಿಂಬಿನ ಚೀಲ, ರೋಗಿಗಳ ಗೌನು, ವಾರ್ಡಿನ ಪರದೆ, ಎಲ್ಲ ನನ್ನ ಕೈಯಿಂದ ತುಂಡಾಗಿ ಆಮೇಲೆ ಯಂತ್ರಕ್ಕೆ ಹೋಗಬೇಕು. ಎಲ್ಲರೂ ನನ್ನನ್ನು ‘ಕತ್ತರಿ’ ಎಂದೇ ಕರೆಯುತ್ತಿದ್ದರು. ಕೆಲಸದ ಕಾರಣಕ್ಕೆ ಎಂದು ನಾನು ನಂಬಿಕೊಂಡಿದ್ದೆ. ನಾಲಿಗೆಯ ಕಾರಣಕ್ಕೂ ಇರಬಹುದು ಎಂದು ನನ್ನ ಗಂಡನ ಅಭಿಪ್ರಾಯ.

ಆ ವರ್ಷ ನಮ್ಮ ಕೋಣೆಯ ಮುಖ್ಯಸ್ಥೆ ನಿವೃತ್ತಿಯಾದರು. ಅವರ ಕುರ್ಚಿ ನನಗೇ ಎಂದು ನಾನು ಎರಡು ವರ್ಷದಿಂದ ಹೇಳಿಕೊಂಡು ತಿರುಗುತ್ತಿದ್ದೆ. ಕುರ್ಚಿಗೆ ಒಂದು ಹೊಸ ದಿಂಬು ಕೂಡ ಹೊಲಿದಿಟ್ಟಿದ್ದೆ. ಒಂದು ಬೆಳಿಗ್ಗೆ ಮೇಟ್ರನ್ ಮೆಟ್ಟಿಲಿಳಿದು ಬಂದರು.

“ಈ ಸಲ ಪರೀಕ್ಷೆ ಇಟ್ಟಿದಾರೆ. ಒಂದು ಪತ್ರ ಬರೀಬೇಕು, ಹತ್ತು ಹೇಳಿಕೆ ಲೆಕ್ಕ ಬಿಡಿಸಬೇಕು. ಮುಂದಿನ ತಿಂಗಳು.”

“ಎಂಥಾ ಲೆಕ್ಕ?” ಎಂದೆ.

“ಭಿನ್ನರಾಶಿ. ಅರ್ಧ, ಮುಕ್ಕಾಲು, ಮೂರನೇ ಎರಡು. ಬಟ್ಟೆ ಅಳೆಯೋರಿಗೆ ಬೇಕಾಗಿರೋದು ಅದೇ ತಾನೇ. ನಿಮಗೇನು, ನೀರು ಕುಡಿದಷ್ಟು ಸಲೀಸು.”

“ಹೌದೌದು,” ಎಂದೆ. ಬಾಯಲ್ಲಿ ನೀರಿನ ಪಸೆ ಇರಲಿಲ್ಲ.

ವಿಷಯ ಏನೆಂದರೆ, ನಾನು ಐದನೇ ತರಗತಿಯಲ್ಲಿದ್ದಾಗ ಮಂಗನಬಾವು ಬಂದು ಮೂರು ವಾರ ಶಾಲೆ ತಪ್ಪಿಸಿದ್ದೆ. ಹೋಗುವಾಗ ಅಂಕಿಗಳು ಸಾಲಾಗಿ, ಶಿಸ್ತಾಗಿ, ಒಂದರ ಪಕ್ಕ ಒಂದು ನಿಂತಿದ್ದವು. ಕೆನ್ನೆ ಇಳಿದು ವಾಪಸು ಬರುವಷ್ಟರಲ್ಲಿ ಒಂದರ ತಲೆ ಮೇಲೊಂದು ಹತ್ತಿ ಕೂತಿದ್ದವು, ನಡುವೆ ಒಂದು ಗೆರೆ. ಯಾಕೆ ಹಾಗೆ ಕೂತಿವೆ ಎಂದು ಕೇಳಲು ನಾಚಿಕೆಯಾಯಿತು. ಮಿಕ್ಕ ಮಕ್ಕಳೆಲ್ಲ ಅದು ಸಹಜ ಎಂಬಂತೆ ಇದ್ದರು. ಅವತ್ತು ಕೇಳದೆ ಉಳಿದ ಪ್ರಶ್ನೆಯನ್ನು ನಾನು ಮೂವತ್ತೊಂಬತ್ತು ವರ್ಷ ಕೇಳದೆಯೇ ದಾಟಿಸಿದ್ದೆ. ಕಣ್ಣಳತೆ ಇತ್ತು, ಕೈಯಳತೆ ಇತ್ತು, ಜೊತೆಗೆ ಜೋರು ದನಿ ಇತ್ತು. ಇಷ್ಟಿದ್ದರೆ ಬಹಳ ದೂರ ಹೋಗಬಹುದು.

ಪುಸ್ತಕ ತಂದ ಮೊದಲ ಸಂಜೆ ಬಾಗಿಲು ಹಾಕಿಕೊಂಡು ಮೊದಲ ಲೆಕ್ಕಕ್ಕೆ ಕೂತೆ. ಒಂದು ತರಗತಿಯಲ್ಲಿ ಮೂವತ್ತಾರು ಮಕ್ಕಳಿದ್ದಾರೆ, ಅವರಲ್ಲಿ ಮೂರನೇ ಎರಡು ಭಾಗ ಹುಡುಗಿಯರು, ಹಾಗಾದರೆ ಹುಡುಗಿಯರೆಷ್ಟು? ಎರಡು ಅಂಕಿಗಳಲ್ಲಿ ಒಂದರಿಂದ ಗುಣಿಸಬೇಕು, ಇನ್ನೊಂದರಿಂದ ಭಾಗಿಸಬೇಕು ಎಂಬಷ್ಟು ಮಸುಕಾಗಿ ನೆನಪಿತ್ತು. ದೊಡ್ಡದರಿಂದ ಗುಣಿಸುವುದೇ ಮರ್ಯಾದೆ ಎನ್ನಿಸಿತು. ಮೂವತ್ತಾರನ್ನು ಮೂರರಿಂದ ಗುಣಿಸಿದೆ, ಎರಡರಿಂದ ಭಾಗಿಸಿದೆ. ಐವತ್ತನಾಲ್ಕು ಬಂತು. ಸರಿಯಾಗಿ, ಶೇಷವಿಲ್ಲದೆ ಬಂತಲ್ಲ ಎಂದು ಖುಷಿಪಟ್ಟು ಗಂಡನಿಗೆ ತೋರಿಸಿದೆ. ಅವರು ಬಸ್ಸು ಓಡಿಸುತ್ತಾರೆ. ಜನ ಎಷ್ಟು ಹಿಡಿಸುತ್ತಾರೆ ಎಂಬ ಅಂದಾಜು ಅವರಿಗಿದೆ.

“ಒಟ್ಟು ಮಕ್ಕಳು ಮೂವತ್ತಾರು, ಅದರಲ್ಲಿ ಹುಡುಗೀರು ಐವತ್ನಾಲ್ಕು,” ಎಂದರು. “ಹದಿನೆಂಟು ಜನ ಪಕ್ಕದ ಶಾಲೆಯಿಂದ ಬಂದಿರಬೇಕು.”

ನಾನು ಪುಸ್ತಕವನ್ನು ಮತ್ತೆ ಡಬ್ಬಿಗಳ ಹಿಂದೆ ತುರುಕಿದೆ.

ಇಲ್ಲಿ ನನ್ನ ಅತ್ತೆಯ ವಿಷಯ ಹೇಳಬೇಕು. ಅವರು ಮೂವತ್ನಾಲ್ಕು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದವರು. ಆಗ ಅವರಿಗೆ ಎಪ್ಪತ್ತೆಂಟು. ಎಡ ಕಿವಿ ಮಂದ, ಬಲ ಕಿವಿ ಅಗತ್ಯಕ್ಕಿಂತ ಚುರುಕು. ಇಪ್ಪತ್ತೇಳು ವರ್ಷ ಒಂದೇ ಮನೆಯಲ್ಲಿದ್ದರೂ ನಾನು ಅವರ ಕೈಗೆ ಒಂದು ಕಾಗದ ಕೊಟ್ಟವಳಲ್ಲ. ಸಾಮಾನಿನ ಪಟ್ಟಿಯನ್ನು ಕೂಡ ಬಾಯಲ್ಲೇ ಹೇಳುತ್ತಿದ್ದೆ. ಅವರ ಕೆಂಪು ಪೆನ್ಸಿಲು ಕನ್ನಡಕದ ಪೆಟ್ಟಿಗೆಯಲ್ಲಿ ಸದಾ ಸಿದ್ಧವಾಗಿರುತ್ತಿತ್ತು, ದಿನಪತ್ರಿಕೆಯನ್ನೂ ತಿದ್ದುತ್ತಿದ್ದರು. ನನ್ನ ಗಂಡ ಚಿಕ್ಕಂದಿನಲ್ಲಿ ಅವರದ್ದೇ ತರಗತಿಯಲ್ಲಿದ್ದವರು. ಇವತ್ತಿಗೂ ತಾಯಿ “ಇಲ್ಲಿ ಬಾ” ಎಂದರೆ ಎದ್ದು ನಿಲ್ಲುತ್ತಾರೆ.

ಎರಡು ದಿನ ಬಿಟ್ಟು ಕೆಲಸದಿಂದ ಬಂದಾಗ ಪುಸ್ತಕ ಊಟದ ಮೇಜಿನ ಮೇಲಿತ್ತು. ತೆರೆದಿತ್ತು. ನನ್ನ ಐವತ್ತನಾಲ್ಕರ ಸುತ್ತ ಕೆಂಪು ವೃತ್ತ. ಅತ್ತೆ ಎದುರಿನ ಕುರ್ಚಿಯಲ್ಲಿ ಕೈಕಟ್ಟಿ ಕೂತಿದ್ದರು.

“ಯಾರು ಮಾಡಿದ್ದು ಇದು?”

ಮನೆಯಲ್ಲಿ ಇದ್ದದ್ದು ಮೂರೇ ಜನ. ಸುಳ್ಳು ಹೇಳಲು ಜಾಗ ಸಾಲಲಿಲ್ಲ. “ನಾನು,” ಎಂದೆ. ಪರೀಕ್ಷೆಯ ವಿಷಯವನ್ನೂ ಹೇಳಿದೆ.

“ಕೈ ಕಾಲು ತೊಳ್ಕೊಂಡು ಬಾ. ಐದೂವರೆಯಿಂದ ಆರೂವರೆ. ದಿನಾ.”

ಹಾಗೆ ಶುರುವಾಯಿತು. ಮೊದಲ ದಿನವೇ ನನ್ನ ಗಂಡ ಐದು ಇಪ್ಪತ್ತೈದಕ್ಕೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. “ನೀವೆಲ್ಲಿಗೆ?” ಎಂದರೆ, “ಸುಮ್ನೆ,” ಎಂದರು. ಹಳೆಯ ಹೆದರಿಕೆ.

ಅತ್ತೆ ಕೆಳಗಿನ ಅಂಕಿಯ ಮೇಲೆ ಪೆನ್ಸಿಲು ಇಟ್ಟರು. “ಇದಕ್ಕೆ ಏನಂತಾರೆ?”

“ಛೇದ.” ಹೆಸರು ಮಾತ್ರ ಗೊತ್ತಿತ್ತು, ದೂರದ ನೆಂಟರ ಹೆಸರಿನ ಹಾಗೆ.

“ಛೇದ ಅಂದ್ರೆ?”

“ಕೆಳಗಿರೋ ಅಂಕಿ,” ಎಂದೆ.

“ಕತ್ತರಿಸೋದು ಕಣೇ. ಇಪ್ಪತ್ತಾರು ವರ್ಷದಿಂದ ಸಂಬಳ ತಗೊಂಡು ಏನು ಮಾಡ್ತಿದ್ದೀಯೋ ಅದು. ಮೂವತ್ತಾರನ್ನ ಮೂರು ತುಂಡು ಮಾಡು, ಎಷ್ಟೆಷ್ಟು?”

“ಹನ್ನೆರಡು.”

“ಮೇಲಿರೋದು ಅಂಶ, ಅಂದ್ರೆ ಪಾಲು. ಎಷ್ಟು ತುಂಡು ಎತ್ಕೋ ಅಂತ ಹೇಳ್ತಿದೆ?”

“ಎರಡು. ಇಪ್ಪತ್ತನಾಲ್ಕು.”

“ಪಕ್ಕದ ಶಾಲೆಯವರನ್ನ ವಾಪಸು ಕಳಿಸಿಬಿಡು,” ಎಂದರು ಅತ್ತೆ. ಅವರ ಬಲ ಕಿವಿಯ ಬಗ್ಗೆ ನಾನು ಹೇಳಿದ್ದು ಇದಕ್ಕೇ.

ಮೂವತ್ತೊಂಬತ್ತು ವರ್ಷದ ಗಂಟು ಹತ್ತು ನಿಮಿಷದಲ್ಲಿ ಬಿಚ್ಚಿಕೊಂಡಿತ್ತು. ಸಂತೋಷಪಡುವ ಬದಲು ನನಗೆ ಸಿಟ್ಟು ಬಂತು. ಇಷ್ಟು ಸಣ್ಣದಕ್ಕೆ ಇಷ್ಟು ವರ್ಷ ಹೆದರಿದ್ದೆನೇ ಎಂದು. ಆ ಸಿಟ್ಟನ್ನು ಲೆಕ್ಕದಲ್ಲಿದ್ದ ಜನರ ಮೇಲೆ ತೀರಿಸಿಕೊಂಡೆ. ಅರವತ್ತು ಲೀಟರಿನ ತೊಟ್ಟಿಯಿಂದ ಐದನೇ ಎರಡು ಭಾಗ ನೀರು ಸೋರಿಹೋಯಿತು ಎಂದಿತ್ತು.

“ತೂತಿರೋ ತೊಟ್ಟಿಗೆ ನೀರು ತುಂಬಿಸಿದ್ದು ಯಾರು?” ಎಂದೆ.

“ಅದನ್ನ ಕೇಳಿಲ್ಲ.”

“ಸೋರ್ತಿರುವಾಗ ಲೆಕ್ಕ ಹಾಕ್ತಾ ಕೂತ್ಕೊಳ್ಳೋ ಬದಲು ಒಂದು ಬಟ್ಟೆ ತುರುಕಬಾರದಾ?”

“ಎಷ್ಟು ಸೋರ್ತು ಅನ್ನೋದನ್ನ ಹೇಳು. ತೊಟ್ಟಿ ನಿನ್ನದಲ್ಲ.”

ಇಪ್ಪತ್ತನಾಲ್ಕು ಲೀಟರು ಸೋರಿತ್ತು. ಬೇಸರದಿಂದ ಬರೆದೆ.

ಆಮೇಲೆ ಪದಗಳನ್ನು ಹಿಡಿಯುವುದು ಹೇಳಿಕೊಟ್ಟರು. ಹೇಳಿಕೆ ಲೆಕ್ಕದಲ್ಲಿ ಕಥೆಯ ಹಿಂದೆ ಹೋದರೆ ಕೆಟ್ಟೆ. ‘ಅರವತ್ತರ ಐದನೇ ಎರಡು’ ಎಂದರೆ ಆ ಪುಟ್ಟ ‘ರ’ ಇದೆಯಲ್ಲ, ಅದೇ ಗುಣಾಕಾರದ ಗುರುತು. ‘ತಲಾ’ ಎಂದು ಬಂದರೂ ಗುಣಿಸು. ಕನ್ನಡದಲ್ಲಿ ಇಷ್ಟು ವರ್ಷ ‘ರ’ ಹಚ್ಚಿ ಮಾತಾಡಿದ್ದೇನೆ, ಅವರ ಅಂಗಿ, ಊರ ಸುದ್ದಿ, ನೆಂಟರ ಮಾತು, ಎಷ್ಟೆಷ್ಟು ಗುಣಿಸಿದ್ದೇನೋ ದೇವರಿಗೇ ಗೊತ್ತು.

ಒಂದು ಮಾತ್ರ ಗಂಟಲಲ್ಲಿ ಇಳಿಯಲಿಲ್ಲ. ಗುಣಿಸಿದರೆ ಹೆಚ್ಚಾಗಬೇಕು. ಹನ್ನೆರಡನ್ನು ಮುಕ್ಕಾಲರಿಂದ ಗುಣಿಸಿದರೆ ಒಂಬತ್ತಕ್ಕೆ ಇಳಿಯುವುದು ಯಾವ ನ್ಯಾಯ? ಅತ್ತೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು.

“ನಾನು ನಿನ್ನನ್ನ ಹನ್ನೆರಡು ಸಲ ಕರೀತೀನಿ ಅಂತಿಟ್ಕೋ. ಒಂದೊಂದು ಸಲಾನೂ ನೀನು ನಡುಮನೆಯಿಂದ ಅಡುಗೆಮನೆಯವರೆಗೆ ಮುಕ್ಕಾಲು ದಾರಿ ಬಂದು, ‘ಏನು’ ಅಂತ ಅಲ್ಲಿಂದಾನೇ ಕೂಗ್ತೀಯ. ಎಲ್ಲಾ ಸೇರಿ ಎಷ್ಟು ಸಲ ಪೂರ್ತಿ ಬಂದ ಹಾಗಾಯ್ತು?”

“ಒಂಬತ್ತು.”

“ಕರೆದಿದ್ದು ಹನ್ನೆರಡು. ಕಡಿಮೆ ಆಯ್ತೋ ಇಲ್ವೋ?”

ಲೆಕ್ಕ ಅರ್ಥವಾಯಿತು. ಮುಖಕ್ಕೆ ಹೊಡೆದಂತೆಯೂ ಆಯಿತು. ಇಪ್ಪತ್ತೇಳು ವರ್ಷದಿಂದ ಅವರು ಅದನ್ನು ಎಣಿಸುತ್ತಿದ್ದರು.

ಎರಡನೇ ವಾರಕ್ಕೆ ನಾನು ಹತ್ತರಲ್ಲಿ ಆರು ಸರಿ ಮಾಡುವಷ್ಟಾದೆ. ಆರು ಸರಿಯಾದ ದಿನ ನನ್ನ ಹಳೆಯ ಜಂಬ ವಾಪಸು ಬಂತು. “ಪುಸ್ತಕದ್ದೆಲ್ಲ ಬರೀ ಕಟ್ಟುಕಥೆ,” ಎಂದೆ. “ನಿಜವಾದ ಲೆಕ್ಕ ಬೇಕಾದ್ರೆ ನಾನು ಕೊಡ್ತೀನಿ.”

“ಕೊಡು,” ಎಂದರು ಅತ್ತೆ.

“ವಾರ್ಡಿಗೆ ನಲವತ್ತು ಪರದೆ. ತಲಾ ಎರಡೂಮುಕ್ಕಾಲು ಮೀಟರ್. ಎಷ್ಟು ಬಟ್ಟೆ ಬೇಕು?” ಅವರು ಉತ್ತರಿಸುವ ಮೊದಲೇ ನಾನೇ ಹೇಳಿದೆ. “ನೂರಿಪ್ಪತ್ತು. ಇದನ್ನ ನಾನು ನಿದ್ದೆಗಣ್ಣಲ್ಲೂ ಹೇಳ್ತೀನಿ. ವರ್ಷಕ್ಕೆ ಎರಡು ಸಲ ಉಗ್ರಾಣಕ್ಕೆ ಬರೆದು ಕಳಿಸ್ತೀನಿ.”

“ಕಾಗದದ ಮೇಲೆ ಮಾಡು.”

ಮಾಡಿದೆ. ನಲವತ್ತು ಎರಡಲೆ ಎಂಬತ್ತು. ನಲವತ್ತರ ಮುಕ್ಕಾಲು ಮೂವತ್ತು. ನೂರಾಹತ್ತು. ಇನ್ನೊಮ್ಮೆ ಮಾಡಿದೆ. ನೂರಾಹತ್ತು.

“ಬಟ್ಟೆ ಕಾಗದದ ಹಾಗಲ್ಲ ಅತ್ತೆ. ಅಂಚು ಮಡಿಚಬೇಕು.”

“ಎರಡೂಮುಕ್ಕಾಲಲ್ಲಿ ಮಡಿಕೆ ಸೇರಿಲ್ವಾ?”

“ಸೇರಿದೆ.”

“ಒಗೆದ ಮೇಲೆ ಕುಗ್ಗೋದು?”

“ಅದೂ ಸೇರಿದೆ.”

“ಹಾಗಾದ್ರೆ ಹತ್ತು ಮೀಟರ್ ಎಲ್ಲಿಗೆ ಹೋಯ್ತು?”

ಎಲ್ಲಿಗೆ ಹೋಯಿತು ಎಂದು ನನಗೆ ಆ ಕ್ಷಣವೇ ಗೊತ್ತಾಯಿತು. ನಮ್ಮ ಕೋಣೆಯ ಮೂಲೆಯಲ್ಲಿ ಒಂದು ಕಬ್ಬಿಣದ ಬೀರು ಇದೆ. ಕತ್ತರಿಸಿ ಉಳಿದ ಬಟ್ಟೆಯನ್ನು ಮಡಿಚಿ, ನೂಲು ಕಟ್ಟಿ, ನಾನು ಅದರಲ್ಲಿ ಇಡುತ್ತಿದ್ದೆ. ಅದನ್ನು ‘ಉಳಿತಾಯದ ಬೀರು’ ಎಂದು ಕರೆದದ್ದೂ ನಾನೇ. ಬೇರೆಯವರು ಕತ್ತರಿಸಿದರೆ ಚಿಂದಿ ಉಳಿಯುತ್ತದೆ, ನಾನು ಕತ್ತರಿಸಿದರೆ ಇಡೀ ತುಂಡೇ ಉಳಿಯುತ್ತದೆ ಎಂದು ಹೊಸದಾಗಿ ಸೇರಿದವರಿಗೆಲ್ಲ ಬೀರು ತೆರೆದು ತೋರಿಸುತ್ತಿದ್ದೆ. ಒಂಬತ್ತು ವರ್ಷದ ಹಿಂದೆ ಇದೇ ಕಾರಣಕ್ಕೆ ನನಗೆ ಮಿತವ್ಯಯದ ಪ್ರಶಸ್ತಿಪತ್ರ ಕೊಟ್ಟಿದ್ದರು. ಚೌಕಟ್ಟು ಹಾಕಿಸಿ ಬೀರುವಿನ ಪಕ್ಕದ ಗೋಡೆಗೇ ತೂಗುಹಾಕಿದ್ದೆ. ಈಗ ನೋಡಿದರೆ ಮಿತವ್ಯಯವೂ ಇಲ್ಲ, ಮಣ್ಣೂ ಇಲ್ಲ. ಮುಕ್ಕಾಲನ್ನು ಕಂಡರೆ ಹೆದರಿ ಒಂದು ಎಂದು ಎಣಿಸಿ, ಬೇಕಾದ್ದಕ್ಕಿಂತ ಹೆಚ್ಚು ತರಿಸಿ, ಹೆಚ್ಚಾದದ್ದನ್ನು ಮಡಿಚಿಟ್ಟು, ಅದಕ್ಕೆ ಚಪ್ಪಾಳೆ ತಟ್ಟಿಸಿಕೊಂಡಿದ್ದೆ.

ಅತ್ತೆಗೆ ಇದನ್ನೆಲ್ಲ ಹೇಳಿದೆ. ಅವರು ಬಯ್ಯುತ್ತಾರೆ ಎಂದುಕೊಂಡೆ. ಪೆನ್ಸಿಲನ್ನು ಪೆಟ್ಟಿಗೆಯೊಳಗೆ ಇಟ್ಟು, “ಇವತ್ತಿಗೆ ಸಾಕು, ಹೋಗು, ಚಹಾ ಕುಡಿ,” ಎಂದರು. ಬಯ್ದಿದ್ದರೆ ಚೆನ್ನಾಗಿತ್ತು.

ಮರುದಿನ ಬೆಳಿಗ್ಗೆ ಬೀರು ತೆರೆದು ಎಲ್ಲವನ್ನೂ ಮೇಜಿನ ಮೇಲೆ ಹಾಕಿದೆ. ಇಸ್ತ್ರಿ ಮಾಡುವವನು, ನನಗಿಂತ ಹತ್ತು ವರ್ಷ ಚಿಕ್ಕವನು, ಮಾತು ಕಮ್ಮಿ, ಅವನೂ ಪರೀಕ್ಷೆಗೆ ಹೆಸರು ಕೊಟ್ಟಿದ್ದ. ಒಂದು ತುದಿ ಹಿಡಿದುಕೊಳ್ಳಲು ಅವನನ್ನೇ ಕರೆದೆ. ಅಳೆದು ಮುಗಿಸುವಾಗ ಮಧ್ಯಾಹ್ನವಾಗಿತ್ತು. ಇನ್ನೂರ ಹನ್ನೆರಡೂವರೆ ಮೀಟರ್.

“ಅಕ್ಕ, ಇದು ಉಳಿಸಿದ್ದಾ?” ಎಂದ.

“ಅಲ್ಲ,” ಎಂದೆ. ಅವನು ಮತ್ತೇನೂ ಕೇಳಲಿಲ್ಲ. ಅದಕ್ಕೆ ಅವನಿಗೆ ನಾನು ಇವತ್ತಿಗೂ ಋಣಿ.

ಉಗ್ರಾಣದವರ ಬಳಿಗೆ ಹೋದೆ. ಸಣಕಲು ಮನುಷ್ಯ, ಕಿವಿಯ ಸಂದಿಯಲ್ಲಿ ಸದಾ ಪೆನ್ನು. “ಒಂದು ತಪ್ಪಾಗಿದೆ,” ಎಂದು ಶುರು ಮಾಡಿ ಒಂದೇ ಉಸಿರಿಗೆ ಎಲ್ಲ ಹೇಳಿದೆ. ಅವರು ಪೆನ್ನು ತೆಗೆದು ಮತ್ತೆ ಸಿಕ್ಕಿಸಿಕೊಂಡರು.

“ನೀವು ನೂರಿಪ್ಪತ್ತು ಕೇಳ್ತಿದ್ರಿ. ನಾನು ತರಿಸ್ತಿದ್ದಿದ್ದು ನೂರಮೂವತ್ತು.”

“ಯಾಕೆ?”

“ನಿಮಗೆ ಕಮ್ಮಿ ಬಿದ್ರೆ ಅಂತ. ಎರಡೂಮುಕ್ಕಾಲು ಅಂತೆಲ್ಲ ಬರೆದಿರ್ತೀರ. ನನಗೂ ಆ ಮುಕ್ಕಾಲು ಗಿಕ್ಕಾಲು ಅಷ್ಟಕ್ಕಷ್ಟೇ.” ಹಿಂದಿದ್ದ ಬಾಗಿಲನ್ನು ತಳ್ಳಿದರು. ಒಳಗೆ ಇನ್ನೊಂದು ಬೀರು. ನನ್ನದಕ್ಕಿಂತ ದೊಡ್ಡದು.

ಇಬ್ಬರೂ ಒಟ್ಟಿಗೆ ಮೇಟ್ರನ್ ಕೋಣೆಗೆ ಹೋದೆವು. ನಾನು ಪ್ರಶಸ್ತಿಪತ್ರವನ್ನು ಗೋಡೆಯಿಂದ ಕಿತ್ತು ಕಂಕುಳಲ್ಲಿ ಇಟ್ಟುಕೊಂಡಿದ್ದೆ. ಮೇಟ್ರನ್ ಪೂರ್ತಿ ಕೇಳಿಸಿಕೊಂಡರು. ಮುಖದಲ್ಲಿ ಏನೂ ಕಾಣಲಿಲ್ಲ. ಕಾಲು ಶತಮಾನ ರೋಗಿಗಳ ನಡುವೆ ಓಡಾಡಿದವರ ಮುಖ ಹಾಗಿರುತ್ತದೆ.

“ಮಕ್ಕಳ ವಾರ್ಡಿನ ಗೌನು ಹರಿದುಹೋಗಿವೆ,” ಎಂದರು ಕೊನೆಗೆ. “ಎಪ್ಪತ್ತೆರಡು ಬೇಕು. ಒಂದಕ್ಕೆ ಎಷ್ಟು ಹಿಡಿಯತ್ತೆ?”

“ಒಂದೂಕಾಲು.” ಎಪ್ಪತ್ತೆರಡು, ಅದರ ಕಾಲು ಹದಿನೆಂಟು. “ತೊಂಬತ್ತು ಮೀಟರ್,” ಎಂದೆ. ಬಾಯಿಂದ ಬಂದದ್ದು ನನ್ನ ದನಿಯೇ ಎಂದು ನಂಬಲು ಕಷ್ಟವಾಯಿತು.

“ನಿಮ್ಮ ಬೀರುವಿನಿಂದಾನೇ ಹೊಲೀರಿ. ಮಿಕ್ಕಿದ್ದು ಆಮೇಲೆ ನೋಡೋಣ.”

ಪ್ರಶಸ್ತಿಪತ್ರವನ್ನು ಮುಂದಿಟ್ಟೆ. ಅವರು ಅದನ್ನು ತಿರುಗಿಸಿ ನೋಡಿದರು. “ಇದನ್ನ ಇದ್ದಲ್ಲೇ ಹಾಕಿಬಿಡಿ. ಆ ಗೋಡೇಲಿ ಸುಣ್ಣ ಉದುರಿ ಗುಂಡಿ ಬಿದ್ದಿದೆ, ಮುಚ್ಚೋಕೆ ಏನಾದ್ರೂ ಬೇಕು.”

ಇನ್ನೂ ಪರೀಕ್ಷೆ ಬಾಕಿ ಇತ್ತು. ನರ್ಸಿಂಗ್ ಹುಡುಗಿಯರ ತರಗತಿಯಲ್ಲಿ ನಮ್ಮನ್ನು ಕೂರಿಸಿದರು. ಬೆಂಚು ಇಕ್ಕಟ್ಟು, ಮೊಣಕಾಲು ಮೇಜಿಗೆ ತಾಗುತ್ತಿತ್ತು. ಅಭ್ಯರ್ಥಿಗಳು ನಾವಿಬ್ಬರೇ, ನಾನು ಮತ್ತು ಇಸ್ತ್ರಿಯವನು. ಮಿಕ್ಕವರು ಭಿನ್ನರಾಶಿ ಎಂಬ ಪದ ಕೇಳಿಯೇ ಹೆಸರು ವಾಪಸು ತೆಗೆದುಕೊಂಡಿದ್ದರು. ಅಷ್ಟು ವಿವೇಕ ನನಗಿರಲಿಲ್ಲ.

ಗ್ರಂಥಾಲಯದ ಐನೂರ ಅರವತ್ತು ಪುಸ್ತಕಗಳಲ್ಲಿ ಎಂಟನೇ ಮೂರು ಭಾಗ ಕಥೆಪುಸ್ತಕಗಳು. ಎಂಟು ತುಂಡು ಮಾಡಿದೆ, ಎಪ್ಪತ್ತು. ಮೂರು ಎತ್ತಿಕೊಂಡೆ, ಇನ್ನೂರಹತ್ತು. ದಿನಕ್ಕೆ ಮೂರನೇ ಎರಡು ಗಂಟೆ ನಡೆಯುವ ಒಬ್ಬಾಕೆ ಹದಿನೈದು ದಿನದಲ್ಲಿ ಹತ್ತು ಗಂಟೆ ನಡೆದಳು. ಎಲ್ಲಿಗೆ ಹೋಗುತ್ತಾಳೆ, ಮನೆಯಲ್ಲಿ ಕೆಲಸವಿಲ್ಲವೇ ಎಂಬ ಪ್ರಶ್ನೆಗಳನ್ನು ನುಂಗಿಕೊಂಡೆ. ಒಂಬತ್ತನೆಯದು ಬಟ್ಟೆಯ ಲೆಕ್ಕ. ಹದಿನಾರು ಮೇಜಿನ ಹೊದಿಕೆ, ತಲಾ ಒಂದೂಮುಕ್ಕಾಲು ಮೀಟರ್. ಅದನ್ನು ಕಂಡದ್ದೇ ನನ್ನ ಕೈ ಹಗುರಾಯಿತು. ನಮ್ಮ ಕಸುಬಿನದೇ ಬಂತು ಎಂದು ಎರಡು ಸಲ ನೋಡದೆ ಬರೆದೆ.

ವಾರದ ನಂತರ ಅಂಕ ಬಂತು. ಲೆಕ್ಕದಲ್ಲಿ ನನಗೆ ಹತ್ತಕ್ಕೆ ಎಂಟು, ಇಸ್ತ್ರಿಯವನಿಗೆ ಒಂಬತ್ತು. ಆದರೆ ಪತ್ರಕ್ಕೂ ಹತ್ತು ಅಂಕವಿತ್ತು. ಅವನು ಬರೆದದ್ದು ಎರಡೇ ಸಾಲು: ಕೆಲಸ ಕೊಟ್ಟರೆ ಮಾಡುತ್ತೇನೆ, ಕೊಡದಿದ್ದರೂ ಇಸ್ತ್ರಿ ಮಾಡುತ್ತೇನೆ. ನಾನು ಮೂರು ಪುಟ ಬರೆದು ನಾಲ್ಕನೆಯದಕ್ಕೆ ಕಾಗದ ಕೇಳಿದ್ದೆ. ಹಾಗಾಗಿ ಒಟ್ಟಿನಲ್ಲಿ ನಾನೇ ಮುಂದೆ. ನಾನು ಹೊಲಿಗೆ ಕೋಣೆಯ ಮುಖ್ಯಸ್ಥೆಯಾದದ್ದು ಲೆಕ್ಕದ ಬಲದಿಂದಲ್ಲ, ಬಾಯಿಯ ಉದ್ದದಿಂದ. ಅವನಿಗೆ ಬೇಸರವಾಗಿರಬಹುದು ಎಂದು ಕೇಳಿದೆ. “ಇಲ್ಲ ಅಕ್ಕ, ಆ ಕುರ್ಚಿಯಿಂದ ಕಿಟಕಿ ಕಾಣಲ್ಲ,” ಎಂದ.

ಅತ್ತೆ ಅಂಕ ಕೇಳಲಿಲ್ಲ, ಉತ್ತರಪತ್ರಿಕೆ ಕೇಳಿದರು. ಕನ್ನಡಕ ಹಾಕಿಕೊಂಡು ಒಂದೊಂದೇ ಲೆಕ್ಕದ ಮೇಲೆ ಬೆರಳಾಡಿಸುತ್ತ ಬಂದರು. ಐದನೆಯದರಲ್ಲಿ ನಿಂತು, “ಇದು ಅವಸರ,” ಎಂದರು. ಮುಂದೆ ಹೋದರು. ಒಂಬತ್ತನೆಯದಕ್ಕೆ ಬಂದರು. ಹದಿನಾರು, ತಲಾ ಒಂದೂಮುಕ್ಕಾಲು. ಉತ್ತರ ಇಪ್ಪತ್ತೆಂಟು ಆಗಬೇಕು. ನಾನು ಬರೆದದ್ದು ಮೂವತ್ತೆರಡು.

“ಬಟ್ಟೆ ಲೆಕ್ಕಾನೇ ತಪ್ಪಾ?” ಎಂದರು.

ನಾನು ತಲೆ ತಗ್ಗಿಸಿದೆ. ಸದ್ದು ಕೇಳಿ ಎತ್ತಿದರೆ ಅತ್ತೆ ನಗುತ್ತಿದ್ದರು. ಇಪ್ಪತ್ತೇಳು ವರ್ಷದಲ್ಲಿ ಅವರು ಮುಗುಳ್ನಕ್ಕದ್ದನ್ನು ನೋಡಿದ್ದೆ, ಅದೂ ಲೆಕ್ಕಕ್ಕೆ ಸಿಗುವಷ್ಟು ಸಲ. ಇದು ಹೊಟ್ಟೆ ಹಿಡಿದುಕೊಂಡು ನಗುವ ನಗು. ಕನ್ನಡಕ ಜಾರಿ ಮಡಿಲಿಗೆ ಬಿತ್ತು. ಮೊದಲು ನನಗೆ ಸಂಕಟವಾಯಿತು, ಆಮೇಲೆ ನನಗೂ ತಡೆಯಲಾಗಲಿಲ್ಲ. ಹೊರಗೆ ಜಗುಲಿಯಲ್ಲಿ ಆರೂವರೆಯಾಗಲೆಂದು ಕಾಯುತ್ತಿದ್ದ ನನ್ನ ಗಂಡ ಬಾಗಿಲಲ್ಲಿ ಇಣುಕಿ, ನಮ್ಮಿಬ್ಬರನ್ನೂ ನೋಡಿ, ಏನೋ ಅನಾಹುತವಾಗಿದೆ ಎಂದುಕೊಂಡು ನೀರು ತರಲು ಓಡಿದರು.

ಮುಖ್ಯಸ್ಥೆಯಾಗಿ ನಾನು ಬರೆದ ಮೊದಲ ಬೇಡಿಕೆ ಆಡಳಿತದ ಮಹಡಿಯ ಪರದೆಗಳದ್ದು. ಇಪ್ಪತ್ತನಾಲ್ಕು ಪರದೆ, ತಲಾ ಎರಡೂಮುಕ್ಕಾಲು. ಮೂರು ಸಲ ಲೆಕ್ಕ ಹಾಕಿ ಅರವತ್ತಾರು ಎಂದು ಬರೆದೆ. ಉಗ್ರಾಣದವರೂ ಮನಸ್ಸು ಗಟ್ಟಿಮಾಡಿಕೊಂಡು ಅಷ್ಟನ್ನೇ ತರಿಸಿದರು. ಥಾನಿನ, ಅಂದರೆ ಬಟ್ಟೆಯ ಸುರುಳಿಯ, ಚೀಟಿಯ ಮೇಲೆ ಅರವತ್ತಾರು ಎಂದು ಇದ್ದದ್ದನ್ನು ನೋಡಿ ಇಬ್ಬರೂ ಹೆಮ್ಮೆಪಟ್ಟೆವು. ಚೀಟಿಯನ್ನು ನಂಬಿ, ಥಾನು ಬಿಚ್ಚಿ ಅಳೆಯದೆ, ಕತ್ತರಿ ಆಡಿಸಿದೆ. ಇಪ್ಪತ್ತಮೂರು ಪರದೆ ಸರಿಯಾಗಿ ಬಂದವು. ಇಪ್ಪತ್ತನಾಲ್ಕನೆಯದಕ್ಕೆ ಉಳಿದದ್ದು ಎರಡೂಕಾಲು. ಆಚೀಚೆ ಎಳೆದು ನೋಡಿದೆ, ಬಟ್ಟೆ ಮಾತು ಕೇಳಲಿಲ್ಲ. ಬೀರುವಿನಲ್ಲೂ ಆ ಬಣ್ಣದ ತುಂಡಿರಲಿಲ್ಲ.

ಮನೆಗೆ ಬಂದು ಅತ್ತೆಯ ಮುಂದೆ ಕಾಗದ ಇಟ್ಟೆ. ಅವರು ಪೆನ್ಸಿಲು ಹಿಡಿದು ಕೆಳಗಿನವರೆಗೂ ಹೋದರು, ವಾಪಸು ಮೇಲಕ್ಕೆ ಬಂದರು.

“ನಿನ್ನ ಲೆಕ್ಕ ಸರಿ ಇದೆ,” ಎಂದರು. “ಥಾನು ಸುತ್ತಿದವನಿಗೆ ಅತ್ತೆ ಇಲ್ಲ ಅಂತ ಕಾಣತ್ತೆ.”

ಆ ಗಿಡ್ಡ ಪರದೆ ಮೇಟ್ರನ್ ಕೋಣೆಗೇ ಹೋಯಿತು, ಅಲ್ಲಿನ ಕಿಟಕಿಯ ಕೆಳಗೆ ಮೇಜು ಇದೆ, ಗಿಡ್ಡವಾದದ್ದು ಅದರ ಹಿಂದೆ ಅಡಗುತ್ತದೆ ಎಂಬ ಕಾರಣಕ್ಕೆ. ಮೇಜನ್ನು ಅವರು ಮೊನ್ನೆ ಆಚೆ ಗೋಡೆಗೆ ಸರಿಸಿದ್ದಾರೆ.